ಮುಶಿ ಎಂದರೆ ಯಾವ ಮುಶಿ?

ಸರಕಾರಿ ಕಚೇರಿಯ ಮೇಜಿನ ಹಿಂದೆ ಕೂತು ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಒಂದು ಪಾಠ ಮೊದಲ ವರ್ಷವೇ ಮನದಟ್ಟಾಗುತ್ತದೆ. ಕಡತ ಯಾವುದೇ ಇರಲಿ, ಅದರ ಮೊದಲನೆಯ ಕಲಮು ಹೆಸರು. ಇನಿಶಿಯಲ್ಲಿನಲ್ಲಿ 'ಎನ್' ಇರಬೇಕಾದಲ್ಲಿ 'ಎಮ್' ಬಿದ್ದರೆ ನಿವೃತ್ತನ ಪಿಂಚಣಿ ತಿಂಗಳುಗಟ್ಟಲೆ ನಿಲ್ಲುತ್ತದೆ. ರೇಶನ್ ಕಾರ್ಡಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇದ್ದರೆ ಊರಿನಿಂದ ಬಂದವನ ಮಗ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಬೇಕಾಗುತ್ತದೆ. ಹೆಸರಿನ ವಿಷಯದಲ್ಲಿ ನಮ್ಮ ಸರಕಾರಗಳಷ್ಟು ಕಟ್ಟುನಿಟ್ಟಿನವರು ಬೇರೆ ಯಾರೂ ಇಲ್ಲ.

ಆದರೆ ಇದೇ ಸರಕಾರಗಳು ಸಮುದ್ರದ ಕಡೆಗೆ ಮುಖ ತಿರುಗಿಸಿದ ಕೂಡಲೇ ಈ ನಿಷ್ಠೆಯೆಲ್ಲ ನೀರುಪಾಲಾಗುತ್ತದೆ. ನಮ್ಮ ದೇಶದ ನೀರಿನಲ್ಲಿ ಶಾರ್ಕ್, ತೊರಕೆ ಮತ್ತು ಅವುಗಳ ಬಳಗಕ್ಕೆ ಸೇರಿದ ಸುಮಾರು 160 ಪ್ರಭೇದಗಳಿವೆ. ಬಂದರಿನ ತಕ್ಕಡಿಯಲ್ಲಿ, ವ್ಯಾಪಾರಿಯ ಪಟ್ಟಿಯಲ್ಲಿ, ಬಹುಪಾಲು ಲೆಕ್ಕಪತ್ರಗಳಲ್ಲಿ ಅವೆಲ್ಲಕ್ಕೂ ಒಂದೆರಡೇ ಹೆಸರು. ಹೀಗೆ ಹೆಸರಿಲ್ಲದ ಪ್ರಾಣಿಗಳ ಮೇಲೆ ಕಾನೂನು ಮಾಡುತ್ತೇವೆ, ನಿಷೇಧ ಹೇರುತ್ತೇವೆ, ಬಡ ಮೀನುಗಾರನನ್ನು ಅಪರಾಧಿಯೆನ್ನುತ್ತೇವೆ. ಇದು ನ್ಯಾಯವಲ್ಲ. ದಂಡ ಹಿಡಿದವನನ್ನು ಬಂದರಿಗೆ ಕಳಿಸುವ ಮೊದಲು, ಮೀನಿನ ಹೆಸರು ಹಿಡಿಯಬಲ್ಲವನನ್ನು ಕಳಿಸಬೇಕು. ಈ ಲೇಖನದಲ್ಲಿ ನಾವು ವಾದಿಸುವುದು ಇಷ್ಟನ್ನೇ.

ಈ ಮೀನಿಗೆ ನಮ್ಮ ತುಳುನಾಡಿನವರು ತಾಟೆ ಎನ್ನುತ್ತಾರೆ. ಕೊಂಕಣಿಯವರು ಮೋರಿ ಎನ್ನುತ್ತಾರೆ. ಬಯಲುಸೀಮೆಯ ವಾಚಕರು ಬಚ್ಚಲ ಮೋರಿಯನ್ನು ನೆನೆದು ಮೂಗು ಮುಚ್ಚಿಕೊಳ್ಳಬಾರದು. ಇಲ್ಲಿ ನಮ್ಮ ನೆರೆಯ ಮರಾಠಿಗರಿಗೆ ಅದು ಮುಶಿ. ಮೊರದಂತೆ ಚಪ್ಪಟೆಯಾದ, ಚಾಟಿಯಂಥ ಬಾಲದ ಮೀನು ನಮಗೆ ತೊರಕೆ, ಇವರಿಗೆ ಪಾಕಟ್. ಎರಡೂ ಮೂಳೆಯಿಲ್ಲದ ಮೀನುಗಳು; ಮೂಳೆಯ ಸ್ಥಾನದಲ್ಲಿ ನಮ್ಮ ಕಿವಿಯ ಹಾಲೆಯಲ್ಲಿರುವಂಥ ಮೃದ್ವಸ್ಥಿ.

ಡೊಂಬಿವಲಿಯ ಅಥವಾ ಕಲ್ಯಾಣದ ಮೀನು ಮಾರ್ಕೆಟ್ಟಿಗೆ ಬೆಳಿಗ್ಗೆ ಹೋದವರು ಮೊಳದುದ್ದದ ಬೂದು ಬಣ್ಣದ ಮುಶಿಗಳು ಸಾಲಾಗಿ ಮಲಗಿರುವುದನ್ನು ಕಂಡಿರುತ್ತಾರೆ. ಮುಂಬಯಿಯ ಭಾವೂಚಾ ಧಕ್ಕಾ, ಸಸೂನ್ ಡಾಕ್‌ಗಳಲ್ಲಿ ದೋಣಿಯಿಂದ ಇಳಿದ ಮೀನು ಬುಟ್ಟಿಗಳಲ್ಲಿ, ಟೆಂಪೋಗಳಲ್ಲಿ ನಮ್ಮ ಉಪನಗರಗಳಿಗೆ ಬರುತ್ತದೆ. ಆ ಸಾಲಿನಲ್ಲಿ ಹತ್ತು ಮುಶಿ ಇದ್ದರೆ ಹತ್ತೂ ನೋಡುವವನಿಗೆ ಒಂದೇ. ದರವೂ ಒಂದೇ. ಆದರೆ ಅವು ಒಂದೇ ಅಲ್ಲ.

ಅವುಗಳಲ್ಲಿ ಹೆಚ್ಚಿನವು ಸ್ಕೋಲಿಯೋಡಾನ್ ಲ್ಯಾಟಿಕಾಡಸ್ ಎಂಬ ಪ್ರಭೇದದವು. ಗುದ್ದಲಿಯ ಅಲಗಿನಂತೆ ಚಪ್ಪಟೆಯಾದ ಮೂತಿ ಇರುವುದರಿಂದ ಇದನ್ನು ಗುದ್ದಲಿಮೂತಿಯ ಮುಶಿ ಎನ್ನೋಣ. ಮಹಾರಾಷ್ಟ್ರ-ಗುಜರಾತಿನ ಕರಾವಳಿಗೆ ಇದು ಮನೆಮಗಳು. ಮುಕ್ಕಾಲು ಮೀಟರು ದಾಟುವುದೇ ಇಲ್ಲವೆನ್ನಬಹುದು. ಮೊಳದುದ್ದವಾಗುವಷ್ಟರಲ್ಲಿ ಅದಾಗಲೇ ಪ್ರಾಯಕ್ಕೆ ಬಂದು, ಮರಿ ಹಾಕಿ, ಸಂಸಾರವಂದಿಗನಾಗಿರುತ್ತದೆ. ಒಂದು ಬಸಿರಿಗೆ ಆರರಿಂದ ಹದಿನೆಂಟರ ವರೆಗೆ ಮರಿ.

ಅದೇ ಸಾಲಿನಲ್ಲಿ ಅದರ ಮಗ್ಗುಲಲ್ಲೇ, ಅಷ್ಟೇ ಉದ್ದದ, ಅಷ್ಟೇ ಬೂದು ಬಣ್ಣದ ಇನ್ನೊಂದು ಮಲಗಿರಬಹುದು. ಅದು ಸುತ್ತಿಗೆತಲೆಯ ಶಾರ್ಕಿನ ಹಸುಗೂಸು. ಆ ಜಾತಿಯ ಮರಿ ತಾಯಿಯ ಹೊಟ್ಟೆಯಿಂದ ಹೊರಬೀಳುವಾಗಲೇ ಸುಮಾರು ಮೊಳದುದ್ದ ಇರುತ್ತದೆ. ಬೆಳೆದರೆ ಮೂರು ಮೀಟರು ಮುಟ್ಟಬಲ್ಲದು. ಹೆಣ್ಣು ಮರಿ ಹಾಕಬೇಕಾದರೆ ಅದು ಆಳೆತ್ತರವನ್ನು ಮೀರಿ ಬೆಳೆಯಬೇಕು, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಇಂದು ಜಗತ್ತಿನ ಸಮುದ್ರಗಳಲ್ಲಿ ಅದು ಅಳಿವಿನ ಅಂಚಿಗೆ ಬಂದಿರುವ ಪ್ರಾಣಿ.

ನೋಡಿ, ಒಂದು ಬುಟ್ಟಿಯಲ್ಲಿ ಅಜ್ಜಿ ಮತ್ತು ಹಸುಗೂಸು ಅಕ್ಕಪಕ್ಕ ಮಲಗಿವೆ. ಅಳತೆ ಒಂದೇ, ಹೆಸರು ಒಂದೇ, ದರ ಒಂದೇ. ಒಂದನ್ನು ಹಿಡಿದರೆ ಸಮುದ್ರಕ್ಕೆ ದೊಡ್ಡ ನಷ್ಟವಿಲ್ಲ. ಇನ್ನೊಂದನ್ನು ಹಿಡಿದರೆ ಒಂದು ವಂಶವನ್ನೇ ಚಿವುಟಿದಂತೆ. ಬಂಗುಡೆ, ಭೂತಾಯಿಗಳಂತೆ ಲಕ್ಷಲಕ್ಷ ಮೊಟ್ಟೆಯಿಡುವ ಜಾತಿ ಇವಲ್ಲ. ದೊಡ್ಡ ಶಾರ್ಕುಗಳು ತಡವಾಗಿ ಪ್ರಾಯಕ್ಕೆ ಬರುತ್ತವೆ, ತಿಂಗಳುಗಟ್ಟಲೆ ಬಸಿರು ಹೊರುತ್ತವೆ, ಮಿತವಾಗಿ ಹೆರುತ್ತವೆ. ಸಮುದ್ರದಲ್ಲಿ ಹಾರುವಂತೆ ಈಜುವ ದೊಡ್ಡ ಮಾಂಟಾ ತೊರಕೆಯಂತೂ ಒಂದು ಸಲಕ್ಕೆ ಒಂದೇ ಮರಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನ ಸಂಸ್ಥೆಯ ಲೆಕ್ಕದಂತೆ 1998ರಲ್ಲಿ ದೇಶದ ಬಂದರುಗಳಲ್ಲಿ ಇಳಿದ ಶಾರ್ಕ್-ತೊರಕೆಗಳು ಸುಮಾರು 75 ಸಾವಿರ ಟನ್ನು. 2013ರಲ್ಲಿ ಸುಮಾರು 46 ಸಾವಿರ ಟನ್ನು. ಹದಿನೈದು ವರ್ಷದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಮುಖ. 2021ರಲ್ಲಿ ಪ್ರಕಟವಾದ ಜಾಗತಿಕ ಪರಿಶೀಲನೆಯ ಪ್ರಕಾರ ಈ ಬಳಗದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಪ್ರಭೇದಗಳಿಗೆ ಅಳಿವಿನ ಭಯವಿದೆ. ಅಂದರೆ ಉಳಿದವಕ್ಕೆ ಅಷ್ಟು ಭಯವಿಲ್ಲ. ಯಾವುವು ಈ ಪಾಲಿಗೆ, ಯಾವುವು ಆ ಪಾಲಿಗೆ ಎಂದು ಧಕ್ಕೆಯ ಮೇಲೆ ಬೇರ್ಪಡಿಸಬಲ್ಲವರು ಯಾರು? ಪ್ರಶ್ನೆ ಇದು.

ಇದೇನು ಮಹಾ ಬ್ರಹ್ಮವಿದ್ಯೆಯೇ ಎಂದರೆ, ಅಲ್ಲ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಓದಿದ ನಮ್ಮ ತಲೆಮಾರಿನವರೆಲ್ಲ ಸ್ಕೋಲಿಯೋಡಾನನ್ನು ಕೊಯ್ದವರೇ. ಫಾರ್ಮಲಿನ್ನಿನ ಘಾಟಿನಲ್ಲಿ ಕಣ್ಣೀರು ಸುರಿಸುತ್ತ ಅದರ ತಲೆಬುರುಡೆಯ ನರಗಳನ್ನು ಬಿಡಿಸಿದ್ದೇವೆ, ಚಿತ್ರ ಬರೆದು ಅಂಕ ಗಳಿಸಿದ್ದೇವೆ. ಐದನೆಯ ನರದ ಕವಲುಗಳು ಎಷ್ಟು ಎಂದು ಇಂದಿಗೂ ಹೇಳಬಲ್ಲೆವು. ಆದರೆ ಈ ಸ್ಕೋಲಿಯೋಡಾನಿಗೂ ಅದನ್ನೇ ಹೋಲುವ ಇನ್ನೊಂದು ಮುಶಿಗೂ ಹೊರಗಿನಿಂದ ಇರುವ ವ್ಯತ್ಯಾಸವೇನೆಂದು ಮೂರು ವರ್ಷದಲ್ಲಿ ಒಂದು ದಿನವೂ ಪಾಠ ನಡೆಯಲಿಲ್ಲ. ಪಠ್ಯಕ್ರಮಕ್ಕೆ ಮೀನಿನ ಕರುಳು ಬೇಕಿತ್ತು, ಮೀನು ಬೇಕಿರಲಿಲ್ಲ. ಈಗ ಕಾಲೇಜುಗಳಲ್ಲಿ ಕೊಯ್ಯುವುದೂ ನಿಂತಿದೆ. ಅದರ ಜಾಗದಲ್ಲಿ ಗುರುತು ಹಿಡಿಯುವ ವಿದ್ಯೆಯನ್ನಾದರೂ ತರಬಹುದಿತ್ತು.

ಗುರುತುಗಳು ಸರಳ. ಕೈಯಲ್ಲಿ ಹಿಡಿದ ಮೀನನ್ನು ಮೊದಲು ಮಗುಚಿ ನೋಡಬೇಕು. ಕಿವಿರಿನ ಐದು ಸೀಳುಗಳು ಕುತ್ತಿಗೆಯ ಪಕ್ಕದಲ್ಲಿದ್ದರೆ ಶಾರ್ಕ್, ಕೆಳಮೈಯಲ್ಲಿ ಬಾಯಿಯ ಹಿಂದೆ ಇದ್ದರೆ ತೊರಕೆಯ ಬಳಗ. ಹಿಂಬದಿಯಿಂದ ಶಾರ್ಕಿನಂತೆಯೇ ತೋರುವ, ಮುಂಭಾಗ ಮಾತ್ರ ಚಪ್ಪಟೆಯಾದ ಗಿಟಾರ್ ಮೀನು ಈ ಒಂದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಅದು ತೊರಕೆಯ ನೆಂಟ. ಉದ್ದ ಮೂತಿಯ ಎರಡು ಕಡೆ ಹಲ್ಲು ಜೋಡಿಸಿಕೊಂಡ ಗರಗಸ ಮೀನೂ ತೊರಕೆಯ ನೆಂಟನೇ.

ಮುಶಿಗಳಲ್ಲಿ ಸುತ್ತಿಗೆತಲೆಯದನ್ನು ಗುರುತಿಸಲು ಕನ್ನಡಕವೂ ಬೇಡ. ತಲೆ ಎರಡು ಬದಿಗೆ ಚಾಚಿ ತುದಿಯಲ್ಲಿ ಕಣ್ಣಿರುತ್ತದೆ. ಅದರ ತಲೆಯ ಮುಂಚಿನ ನಡುಮಧ್ಯೆ ಒಂದು ಕಚ್ಚು ಇದೆಯೇ ಇಲ್ಲವೇ ಎಂಬುದರಿಂದ ಅದರೊಳಗಿನ ಭೇದಗಳೂ ತಿಳಿಯುತ್ತವೆ. ಗುದ್ದಲಿಮೂತಿಯ ಮುಶಿಯ ಗುರುತೆಂದರೆ ಬೆನ್ನಿನ ಮೊದಲ ರೆಕ್ಕೆ ತೀರ ಹಿಂದಕ್ಕೆ ಸರಿದಿರುವುದು. ಅದರ ಹಿಂತುದಿ ಸೊಂಟದ ರೆಕ್ಕೆಗಳ ಮೇಲಕ್ಕೆ ಬರುತ್ತದೆ. ಬಾಲದ ಹತ್ತಿರ ಬೆನ್ನಿನ ಮೇಲಿರುವ ಎರಡನೆಯ ಪುಟ್ಟ ರೆಕ್ಕೆ, ಅದರ ಕೆಳಗಿನ ಗುದರೆಕ್ಕೆಗಿಂತ ಹಿಂದೆ ಹುಟ್ಟುತ್ತದೆ. ದೊಡ್ಡದಾಗಿ ಬೆಳೆಯುವ ಕಪ್ಪುತುದಿಯ ಶಾರ್ಕಿನ ಮರಿಯಲ್ಲಿ ಇವೆರಡು ರೆಕ್ಕೆಗಳು ಎದುರುಬದುರು ಹುಟ್ಟುತ್ತವೆ. ಇಷ್ಟನ್ನು ಹತ್ತನೆಯ ತರಗತಿಯ ಹುಡುಗಿಗೆ ಒಂದು ಬೆಳಿಗ್ಗೆ ಕಲಿಸಬಹುದು. ಪೂರ್ತಿ 160ನ್ನು ಕಲಿಯುವುದು ಕಷ್ಟವೇ ಸರಿ, ಕೆಲವನ್ನು ಪಂಡಿತರೂ ಡಿ.ಎನ್.ಎ. ಪರೀಕ್ಷೆ ಮಾಡಿಯೇ ಹೇಳಬೇಕು. ಆದರೆ ಒಂದು ಬಂದರಿಗೆ ದಿನಾ ಬರುವ ಹತ್ತಿಪ್ಪತ್ತನ್ನು ಕಲಿಯಲು ಪಾಂಡಿತ್ಯ ಬೇಡ, ಕಣ್ಣು ಬೇಕು.

ಆದರೆ ಈ ಕೆಲಸ ಆಗಬೇಕಾದದ್ದು ಬಂದರಿನಲ್ಲಿಯೇ. ದೊಡ್ಡ ಮುಶಿ ನಮ್ಮ ಮಾರ್ಕೆಟ್ಟಿಗೆ ಬರುವಷ್ಟರಲ್ಲಿ ತಲೆ ಹೋಗಿರುತ್ತದೆ, ರೆಕ್ಕೆ ಹೋಗಿರುತ್ತದೆ, ಮರಳುಕಾಗದದಂಥ ಚರ್ಮವನ್ನು ಸುಲಿದಾಗಿರುತ್ತದೆ. ಉಳಿಯುವುದು ಬಿಳಿಯ ತುಂಡು. ಗುರುತಿನ ಚೀಟಿಯನ್ನು ಹರಿದೆಸೆದ ಮೇಲೆ ಹೆಸರು ಕೇಳಿ ಏನು ಫಲ?

'ನಾವು ಮೀನು ಮುಟ್ಟದವರು, ನಮಗೇಕೆ ಈ ಪುರಾಣ?' ಎಂದು ಕೇಳುವ ಸಭಾಸದರು ನಮ್ಮ ಸಂಘದಲ್ಲಿ ಅರ್ಧಕ್ಕರ್ಧ ಇದ್ದಾರೆ. ಅವರಿಗೆ ನಮ್ಮ ಉತ್ತರ ಎರಡು. ಥಾಣೆಯ ಖಾಡಿಯ ಎರಡು ದಡದಲ್ಲಿ ನಾವು ಮನೆ ಮಾಡಿದ್ದೇವೆ. ಚೆಂದನಿ ಕೋಳಿವಾಡದಿಂದ ಬೇಲಾಪುರದ ದಿವಾಳೆಯ ತನಕ ಈ ನೀರನ್ನು ನಂಬಿ ಬದುಕಿದ ಮೂಲ ನಿವಾಸಿಗಳ ನೆಲದಲ್ಲಿ ನಮ್ಮ ಸೊಸೈಟಿಗಳು ಎದ್ದಿವೆ. ನೆಲದ ಋಣವೆಂಬುದೊಂದಿದೆಯಲ್ಲ? ಎರಡನೆಯದಾಗಿ, ಪಾತ್ರೆಗೆ ಬಿದ್ದರೂ ಬೀಳದಿದ್ದರೂ ದೊಡ್ಡ ಬೇಟೆಗಾರ ಮೀನುಗಳು ಸಮುದ್ರದ ಲೆಕ್ಕ ತಪಾಸಣೆ ಮಾಡುವ ಅಧಿಕಾರಿಗಳು. ತಪಾಸಣೆಯಿಲ್ಲದ ಇಲಾಖೆಯ ಗತಿ ಏನಾಗುತ್ತದೆಂಬುದನ್ನು ನಾವು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮೀನು ತಿನ್ನುವ ಮನೆಗಳಿಗಂತೂ ಇದು ಅಡುಗೆಮನೆಯ ಪ್ರಶ್ನೆ. ನಮ್ಮ ಕರಾವಳಿಯಲ್ಲೂ ಇಲ್ಲಿನ ಕೊಂಕಣದಲ್ಲೂ ಬಾಣಂತಿಗೆ ಹಾಲು ಕೂಡಲೆಂದು ತಾಟೆಯ ಸಾರು ಮಾಡಿಕೊಡುವ ಪದ್ಧತಿಯಿದೆ. ಅತ್ತೆ ಊರಿನಿಂದ ಬಂದು ಅದನ್ನೇ ಕೇಳುತ್ತಾರೆ, ಅಳಿಯ ಮಾರ್ಕೆಟ್ಟಿಗೆ ಓಡುತ್ತಾನೆ. ಆದರೆ ದೊಡ್ಡ ಬೇಟೆಗಾರ ಶಾರ್ಕುಗಳ ಮಾಂಸದಲ್ಲಿ ವರ್ಷ ಕಳೆದಂತೆ ಪಾದರಸ ಸೇರಿಕೊಳ್ಳುತ್ತದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಚಿಕ್ಕ ಮಕ್ಕಳು ಶಾರ್ಕ್ ತಿನ್ನದಿರುವುದೇ ಲೇಸೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಸಲಹೆ ಕೊಡುತ್ತದೆ. ಬಾಣಂತಿಯ ಬಟ್ಟಲಿಗೆ ಬಿದ್ದ ತುಂಡು ಎಳೆಯ ಸಣ್ಣ ಜಾತಿಯದೋ ಮುದಿ ದೊಡ್ಡ ಜಾತಿಯದೋ ಎಂದು ತಿಳಿಯುವ ಹಕ್ಕು ಆ ಅಳಿಯನಿಗೆ ಇಲ್ಲವೇ? ಔಷಧದ ಬಾಟಲಿಯ ಮೇಲೆ ಹೆಸರಿಲ್ಲದಿದ್ದರೆ ಕೊಳ್ಳುತ್ತಿದ್ದನೇ?

ಇನ್ನು ಕಾನೂನಿನ ಕತೆ. ಗೆಜೆಟ್ಟಿನ ಭಾಷೆ ನಮಗೆ ಪರಿಚಿತವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ.

2001ರ ಜುಲೈಯಲ್ಲಿ ಕೇಂದ್ರ ಸರಕಾರ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಶಿಷ್ಟಕ್ಕೆ ಶಾರ್ಕ್-ತೊರಕೆಗಳ ಇಡೀ ವರ್ಗವನ್ನು ಒಂದೇ ಏಟಿಗೆ ಸೇರಿಸಿತು. ಹುಲಿ ಇರುವ ಪರಿಶಿಷ್ಟ ಅದು. ಅಂದರೆ ಬೆಳಗಾಗುವಷ್ಟರಲ್ಲಿ ಡೊಂಬಿವಲಿಯ ಮೀನುಗಾತಿಯ ಬುಟ್ಟಿಯಲ್ಲಿದ್ದ ಮೊಳದುದ್ದದ ಮುಶಿಗೆ ಹುಲಿಯ ಪದವಿ ಬಂತು! ಕರಾವಳಿಯಲ್ಲೆಲ್ಲ ಕೂಗೆದ್ದಿತು. ಅದೇ ಡಿಸೆಂಬರಿನಲ್ಲಿ ಸರಕಾರ ಹಿಂದೆ ಸರಿದು ಹತ್ತೇ ಪ್ರಭೇದಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕೈಬಿಟ್ಟಿತು. ಐದು ತಿಂಗಳಲ್ಲಿ ಎಲ್ಲವೂ ಹುಲಿ, ಮತ್ತೆ ಹೆಚ್ಚಿನವೆಲ್ಲ ಇಲಿ. ಎರಡು ಆಜ್ಞೆಗಳ ನಡುವೆ ಬಂದರಿನಲ್ಲಿ ನಿಂತು ಎಣಿಸಿದವರು ಎಷ್ಟು ಮಂದಿ?

ಆ ಹತ್ತರ ಪಟ್ಟಿಯಲ್ಲಿ ಇನ್ನೊಂದು ಸೋಜಿಗವಿತ್ತು. ರಿಂಕೋಬೇಟಸ್ ಜಿಡ್ಡೆನ್ಸಿಸ್ ಎಂಬ ದೊಡ್ಡ ಗಿಟಾರ್ ಮೀನಿಗೆ ಅದರಲ್ಲಿ ಸ್ಥಾನ ಸಿಕ್ಕಿತು. ಹೆಸರೇ ಹೇಳುವಂತೆ ಅದು ಜಿದ್ದಾ ಪಟ್ಟಣದ ಕಡೆಯದು, 1775ರಲ್ಲಿ ಕೆಂಪು ಸಮುದ್ರದಿಂದ ವರ್ಣಿತವಾದದ್ದು. ಇಂದಿನ ತಜ್ಞರ ಪ್ರಕಾರ ಅದರ ನೆಲೆ ಹಿಂದೂ ಮಹಾಸಾಗರದ ಪಶ್ಚಿಮದ ಪಕ್ಕ, ಆಫ್ರಿಕದ ಕಡೆ. ನಮ್ಮ ಬಂದರುಗಳಿಗೆ ಬರುವುದು ಅದರ ದಾಯಾದಿಗಳು. ರಿಂಕೋಬೇಟಸ್ ಲೀವಿಸ್, ರಿಂಕೋಬೇಟಸ್ ಆಸ್ಟ್ರೇಲಿಯೆ ಎಂದು ಅವುಗಳ ಹೆಸರು. ಇವೂ 2019ರಿಂದ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿವೆ. ಇಲ್ಲಿಲ್ಲದವನ ಹೆಸರಿನಲ್ಲಿ ರಕ್ಷಣೆಯ ಆಜ್ಞೆ ಹೊರಟಿತು, ಇಲ್ಲಿ ಸಾಯುತ್ತಿದ್ದವನ ಹೆಸರು ಕಾಗದದಲ್ಲಿ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಗಾದೆಯನ್ನು ನಮ್ಮ ಹಿರಿಯರು ತಮಾಷೆಗೆ ಮಾಡಿದ್ದರೆಂದು ತಿಳಿದಿದ್ದೆವು. ಪಿಂಚಣಿದಾರನ ಒಂದಕ್ಷರಕ್ಕೆ ಕಡತ ಹಿಂತಿರುಗಿಸುವ ಸರಕಾರ, ತನ್ನ ಪರಿಶಿಷ್ಟದಲ್ಲಿ ಇಡೀ ಮೀನನ್ನೇ ತಪ್ಪು ಬರೆದುಕೊಂಡು ಎರಡು ದಶಕ ಕೂತಿತ್ತು. 2022ರ ತಿದ್ದುಪಡಿಯಲ್ಲಿ ಪರಿಶಿಷ್ಟಗಳನ್ನು ಹೊಸದಾಗಿ ಬರೆದು ಪಟ್ಟಿ ಉದ್ದ ಮಾಡಿದರು, 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಸಂತೋಷ. ಆದರೆ ಪಟ್ಟಿ ಉದ್ದವಾದಷ್ಟೂ ಅದನ್ನು ಓದಿ ಮೀನಿಗೆ ಹೊಂದಿಸುವವನ ಅಗತ್ಯವೂ ಉದ್ದವಾಗುತ್ತದೆ.

ಪಟ್ಟಿ ಇದ್ದೂ ಪರಿಚಯವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನದೇ ಉದಾಹರಣೆಯಿದೆ. 2021ರ ಮಾರ್ಚಿನಲ್ಲಿ ಉಡುಪಿಯ ಮಲ್ಪೆ ಬಂದರಿಗೆ ಭಾರೀ ಗರಗಸ ಮೀನೊಂದು ಬಂತು. ಜನ ನೆರೆದರು, ಚಿತ್ರ ತೆಗೆದರು, ಅದು ಮಾರಾಟವೂ ಆಯಿತು. ಆ ಚಿತ್ರಗಳು ನಮ್ಮ ಮೊಬೈಲುಗಳಿಗೂ ಬಂದವು. ಊರಿನ ಹೆಮ್ಮೆಯೆಂದು ಮುಂದೆ ಕಳಿಸಿದವರೂ ಇದ್ದರು. ಗರಗಸ ಮೀನು 2001ರಿಂದಲೂ ಮೊದಲನೆಯ ಪರಿಶಿಷ್ಟದಲ್ಲಿದೆ, ಅದನ್ನು ಹಿಡಿದು ಮಾರಿದರೆ ಕನಿಷ್ಠ ಮೂರು ವರ್ಷದ ಸೆರೆ. ಹಾಡುಹಗಲು, ನೂರಾರು ಜನರ ಮುಂದೆ, ಕೆಮರಾದ ಎದುರಿನಲ್ಲಿ ಯಾವ ಕಳ್ಳ ಕಳ್ಳತನ ಮಾಡುತ್ತಾನೆ? ಅಲ್ಲಿದ್ದದ್ದು ಕಳ್ಳತನವಲ್ಲ, ಅಜ್ಞಾನ. ಆ ಅಜ್ಞಾನಕ್ಕೆ ಮೀನುಗಾರ ಎಷ್ಟು ಹೊಣೆ, ಇಪ್ಪತ್ತು ವರ್ಷದಲ್ಲಿ ಒಂದು ಚಿತ್ರವನ್ನು ಅವನ ಭಾಷೆಯಲ್ಲಿ ಬರೆದು ಅವನ ಕಣ್ಣಿಗೆ ಬೀಳುವಂತೆ ಮಾಡದವರು ಎಷ್ಟು ಹೊಣೆ?

ನಮ್ಮ ನವಿಮುಂಬಯಿಗೆ ಬರೋಣ. ಅದರ ಮಗ್ಗುಲಿನ ನ್ಹಾವಾ ಶೇವಾ ಬಂದರು ದೇಶದ ವ್ಯಾಪಾರದ ಹೆಬ್ಬಾಗಿಲು. ಶಾರ್ಕಿನ ರೆಕ್ಕೆಯನ್ನು ಕೊಯ್ದು ಮೈಯನ್ನು ಸಮುದ್ರಕ್ಕೆಸೆಯುವ ಕ್ರೂರ ಪದ್ಧತಿಯನ್ನು 2013ರಲ್ಲಿ ನಿಷೇಧಿಸಲಾಯಿತು. 2015ರ ಫೆಬ್ರವರಿಯಲ್ಲಿ ರೆಕ್ಕೆಗಳ ರಫ್ತನ್ನೇ ನಿಲ್ಲಿಸಲಾಯಿತು. ಆದರೂ 2018ರ ಸೆಪ್ಟೆಂಬರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಮುಂಬಯಿಯ ಶಿವಡಿಯಲ್ಲೂ ಗುಜರಾತಿನ ವೇರಾವಳದಲ್ಲೂ ಸೇರಿ ಸುಮಾರು 8,000 ಕಿಲೋ ಒಣ ರೆಕ್ಕೆಗಳನ್ನು ಹಿಡಿದರು. ಬೇರೆ ಒಣ ಸರಕಿನ ಹೆಸರಿನಲ್ಲಿ ಅವು ಹಾಂಗ್‌ಕಾಂಗ್, ಚೀನಗಳಿಗೆ ಹೊರಟಿದ್ದವು. ಹಿಡಿದವರು ನಮ್ಮಂತೆಯೇ ಸಂಬಳ ತಿನ್ನುವ ಕೇಂದ್ರ ನೌಕರರು. ಅವರಿಗೆ ನಮ್ಮ ನಮಸ್ಕಾರ. ಆದರೆ 8,000 ಕಿಲೋ ರೆಕ್ಕೆಯಾಗಬೇಕಾದರೆ ಎಷ್ಟು ಮೀನು ಸತ್ತಿರಬೇಕು! ಅವೆಲ್ಲ ಯಾವುದೋ ಬಂದರಿನಲ್ಲಿ, ಯಾರದೋ ಕಣ್ಣೆದುರು ಇಳಿದವೇ ತಾನೆ? ಅಲ್ಲಿಯೇ ಹೆಸರು ಬರೆದುಕೊಂಡಿದ್ದರೆ ಗೋದಾಮಿನ ಬಾಗಿಲು ಒಡೆಯುವ ಪ್ರಮೇಯ ಬರುತ್ತಿತ್ತೇ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಬಾಗಿಲು ಹಾಕುವುದು ನಮಗೆ ರೂಢಿಯಾಗಿಬಿಟ್ಟಿದೆ.

ಜಗತ್ತೂ ನಮಗಾಗಿ ಕಾಯುವುದಿಲ್ಲ. ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ, ನಮ್ಮ ದೇಶವೂ ಅದಕ್ಕೆ ಸಹಿ ಹಾಕಿದೆ. 2013ರಲ್ಲಿ ಅದು ಸುತ್ತಿಗೆತಲೆಗಳನ್ನು, 2019ರಲ್ಲಿ ದೊಡ್ಡ ಗಿಟಾರ್ ಮೀನುಗಳನ್ನು ತನ್ನ ಎರಡನೆಯ ಪಟ್ಟಿಗೆ ಸೇರಿಸಿತು. 2022ರ ನವೆಂಬರಿನಲ್ಲಿ ಪನಾಮಾದ ಸಭೆಯಲ್ಲಿ ಕಾರ್ಕರೈನಿಡೆ ಎಂಬ ಕುಟುಂಬವನ್ನು ಪೂರ್ತಿಯಾಗಿ ಎಳೆದುಕೊಂಡಿತು. ಪೂರ್ತಿ ಕುಟುಂಬವೇಕೆ? ಅದರಲ್ಲಿ ನಿಜವಾಗಿ ಅಪಾಯದಲ್ಲಿರುವುದು ಕೆಲವು. ಮಿಕ್ಕವು ನೋಡಲು ಹಾಗೆಯೇ ಇರುವುದರಿಂದ, ಸುಂಕದ ಕಟ್ಟೆಯವನಿಗೆ ಭೇದ ತಿಳಿಯುವುದಿಲ್ಲವೆಂದು ಅವನ್ನೂ ಸೇರಿಸಿದರು. ನಮ್ಮ ಗುದ್ದಲಿಮೂತಿಯ ಮುಶಿಯೂ ಅದೇ ಕುಟುಂಬದ್ದು. ಹೆಸರು ಹಿಡಿಯಲಾರದ ತಪ್ಪಿಗೆ ಇಡೀ ವಠಾರಕ್ಕೆ ವಾರಂಟು! ಈಗ ರಫ್ತಾಗಬೇಕಾದರೆ, ಇದರಿಂದ ಆ ಪ್ರಭೇದದ ಸಂತತಿಗೆ ಧಕ್ಕೆಯಿಲ್ಲವೆಂದು ಸರಕಾರದ ವಿಜ್ಞಾನಿಗಳು ಪ್ರಮಾಣಪತ್ರ ಕೊಡಬೇಕು. ಪ್ರಭೇದವಾರು ಲೆಕ್ಕವಿಲ್ಲದೆ ಪ್ರಮಾಣಪತ್ರ ಹೇಗೆ ಬರೆಯುವುದು? ಲೆಕ್ಕವಿದ್ದರೆ ಹೇರಳವಾದದ್ದನ್ನು ಧೈರ್ಯದಿಂದ ಮಾರಬಹುದು, ವಿರಳವಾದದ್ದನ್ನು ಧೈರ್ಯದಿಂದ ಬಿಡಬಹುದು. ಲೆಕ್ಕವಿಲ್ಲದವನಿಗೆ ಎರಡೂ ಇಲ್ಲ.

ಇಲ್ಲಿ ಎರಡು ಬಣದವರೊಡನೆ ನಮ್ಮ ಜಗಳವಿದೆ. 'ಎಲ್ಲವನ್ನೂ ನಿಷೇಧಿಸಿ' ಎನ್ನುವ ನಗರದ ಪ್ರಾಣಿದಯಾಪರರಿಗೆ ನಾವು ಕೇಳುವುದು: 2001ರ ಜುಲೈ ನಿಮಗೆ ಮರೆತುಹೋಯಿತೇ? ಬಲೆ ಶಾರ್ಕನ್ನು ಹೆಸರು ಕೇಳಿ ಹಿಡಿಯುವುದಿಲ್ಲ. ಬೇರೆ ಮೀನಿಗೆ ಬೀಸಿದ ಬಲೆಗೆ ಅದು ತಾನಾಗಿ ಬೀಳುತ್ತದೆ. ಸತ್ತು ಬಂದದ್ದನ್ನು ಅಪರಾಧವೆಂದು ಸಾರಿದರೆ ಮೀನುಗಾರ ಅದನ್ನು ನಡುನೀರಿನಲ್ಲಿಯೇ ಎಸೆದು ಬರುತ್ತಾನೆ. ಮೀನೂ ಉಳಿಯಲಿಲ್ಲ, ಲೆಕ್ಕವೂ ಉಳಿಯಲಿಲ್ಲ. 'ಮುಶಿ ಎಂದರೆ ಮುಶಿ, ಹೆಸರಿನಿಂದ ಹೊಟ್ಟೆ ತುಂಬುತ್ತದೆಯೇ' ಎನ್ನುವ ವ್ಯಾಪಾರಿಗಳಿಗೆ ಕೇಳುವುದು: ಪಾಂಪ್ಲೆಟ್ಟಿನಲ್ಲಿ ಕಪ್ಪು, ಬಿಳಿ ಎಂದು ಬೇರೆ ಮಾಡಿ ಬೇರೆ ದರ ಹೇಳುತ್ತೀರಿ. ದುಡ್ಡಿನ ಮೀನಿಗೆ ಕಾಣುವ ಭೇದ ಬಡವರ ಮೀನಿಗೆ ಏಕೆ ಕಾಣುವುದಿಲ್ಲ?

ಮೀನುಗಾರರಿಗೆ ತಿಳಿಯುವುದಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಪ್ಯಾಟ್ರಿಕ್ ರಸೆಲ್ ವಿಶಾಖಪಟ್ಟಣದಲ್ಲಿ 200 ಮೀನುಗಳ ಚಿತ್ರ ಬರೆಸಿ 1803ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಅವನು ಅಲ್ಲಿನ ಮೀನುಗಾರರ ಬಾಯಿಂದ ಕೇಳಿದ ತೆಲುಗು ಹೆಸರುಗಳನ್ನೇ ಚಿತ್ರದಡಿ ಬರೆದ. ಅವುಗಳಲ್ಲಿ ಒಂದು ತೊರಕೆಯ ಹೆಸರು 'ಎರೆಗುಡು ಟೆಂಕಿ'. ಇಂದಿಗೂ ಆ ಮೀನಿನ ಜಾಗತಿಕ ವೈಜ್ಞಾನಿಕ ಹೆಸರು ಮೊಬುಲಾ ಎರೆಗುಡೂ! ಕಾರ್ಕರೈನಸ್ ಸೊರ್ರಾ ಎಂಬ ಶಾರ್ಕಿನ ಹೆಸರಿನಲ್ಲಿಯೂ ನಮ್ಮ ದಕ್ಷಿಣದ ಮೀನುಗಾರನ 'ಸೊರ' ಕೂತಿದೆ. ವಿಜ್ಞಾನ ಅವನಿಂದ ಕಲಿತದ್ದು ಇನ್ನೂರು ವರ್ಷದ ಹಿಂದೆ. ಕಲಿತ ಮೇಲೆ ಗುರುವನ್ನೇ ಮೂಢನೆನ್ನುವುದು ಯಾವ ಸಂಸ್ಕೃತಿ?

ಅವನನ್ನು ಜೊತೆಗಿಟ್ಟುಕೊಂಡರೆ ಏನು ಸಾಧ್ಯವೆಂದು ಗುಜರಾತು ತೋರಿಸಿದೆ. ಅಲ್ಲಿ ತಿಮಿಂಗಿಲ ಶಾರ್ಕನ್ನು ಕೊಲ್ಲುತ್ತಿದ್ದ ಊರುಗಳಲ್ಲಿಯೇ 2004ರಲ್ಲಿ ಅದಕ್ಕೆ 'ವ್ಹಾಲಿ', ಅಂದರೆ ಮುದ್ದಿನವಳು ಎಂದು ಹೆಸರಿಟ್ಟು ಚಳವಳಿ ಹೂಡಿದರು. ಮೊರಾರಿ ಬಾಪು ಅದಕ್ಕೆ ದನಿಗೂಡಿಸಿದರು. ಹೆರಿಗೆಗೆ ತವರಿಗೆ ಬಂದ ಮಗಳನ್ನು ಕೊಲ್ಲಬಹುದೇ ಎಂದು ಕೇಳಿದರು. ಅಂದಿನಿಂದ ಮೀನುಗಾರರು ತಮ್ಮ ಬಲೆಯನ್ನು ತಾವೇ ಕೊಯ್ದು ನೂರಾರು ತಿಮಿಂಗಿಲ ಶಾರ್ಕುಗಳನ್ನು ಬಿಟ್ಟಿದ್ದಾರೆ, ಬಲೆಗೆ ಸರಕಾರ ಪರಿಹಾರ ಕೊಟ್ಟಿದೆ. ಎಲ್ಲವೂ ಶುರುವಾದದ್ದು ಒಂದು ಹೆಸರಿನಿಂದ. ಮಹಾರಾಷ್ಟ್ರದಲ್ಲಿಯೂ 2018ರ ಡಿಸೆಂಬರಿನಲ್ಲಿ ಇಂಥ ಯೋಜನೆ ಬಂತು. ರಕ್ಷಿತ ಜೀವಿಯನ್ನು ಬಿಡಲು ಬಲೆ ಕೊಯ್ದವನಿಗೆ 25,000 ರೂಪಾಯಿಯ ತನಕ ಪರಿಹಾರ. ಬಲೆಗೆ ಬಿದ್ದದ್ದು ರಕ್ಷಿತವೋ ಅಲ್ಲವೋ ಎಂದು ಗುರುತಿಸಬಲ್ಲವನಿಗೇ ಅದು ದಕ್ಕುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಹಾಗಾದರೆ ಆಗಬೇಕಾದದ್ದೇನು? 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕರಾವಳಿಯ ಹಳ್ಳಿಗಳಿಗೆ 'ಸಾಗರ ಮಿತ್ರ'ರೆಂಬ ವಿದ್ಯಾವಂತ ಯುವಕ ಯುವತಿಯರನ್ನು ನೇಮಿಸುವ ಏರ್ಪಾಟು ಬಂತು. ದಿನದ ಮೀನಿನ ಲೆಕ್ಕ ಬರೆಯುವುದು ಅವರ ಕೆಲಸಗಳಲ್ಲಿ ಒಂದು. ಅವರ ನಮೂನೆಯಲ್ಲಿ ಶಾರ್ಕ್-ತೊರಕೆಗಳನ್ನು ಪ್ರಭೇದವಾರು ಬರೆಯುವುದು ಕಡ್ಡಾಯವಾಗಲಿ. ಅದಕ್ಕೆ ಬೇಕಾದ ತರಬೇತಿಯನ್ನು ವರ್ಸೋವಾದಲ್ಲಿರುವ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಂಥವು ಕೊಡಲಿ. ವಿಜ್ಞಾನಿಗಳು ಪುಸ್ತಕ, ಚಿತ್ರಪಟಗಳನ್ನು ಮಾಡದೆ ಕೂತಿಲ್ಲ. ಅವು ಗ್ರಂಥಾಲಯದಿಂದ ಧಕ್ಕೆಗೆ ಇಳಿಯಬೇಕು, ಇಂಗ್ಲಿಷಿನಿಂದ ಮರಾಠಿಗೆ, ಕನ್ನಡಕ್ಕೆ, ತುಳುವಿಗೆ ಇಳಿಯಬೇಕು. ಬಿ.ಎಸ್ಸಿ. ಮುಗಿಸಿದ ನಮ್ಮ ಕಲ್ಯಾಣ-ಡೊಂಬಿವಲಿಯ ಹುಡುಗರು ಬ್ಯಾಂಕಿನ ಪರೀಕ್ಷೆಗೆ ಕಟ್ಟಿ ಕಟ್ಟಿ ಸೋಲುತ್ತಿದ್ದಾರೆ. ಓದಿದ ವಿದ್ಯೆಗೆ ತಕ್ಕ ಕೆಲಸ ಸಮುದ್ರದ ದಡದಲ್ಲಿಯೇ ಬಿದ್ದಿದೆ, ಕರೆಯುವವರಿಲ್ಲ. 'ಇತರೆ' ಎಂಬ ಕಲಮಿನಲ್ಲಿ ಶಾರ್ಕನ್ನು ತುಂಬುವುದನ್ನು ಮೊದಲು ನಿಲ್ಲಿಸಬೇಕು. 'ಇತರೆ' ಎಂಬುದು ಸೋಮಾರಿ ಗುಮಾಸ್ತನ ತಲೆದಿಂಬು. ಆ ದಿಂಬಿನ ಸುಖ ನಮಗೆ ಗೊತ್ತಿದೆ.

ಸರಕಾರಕ್ಕೆ ಹೇಳಿ ಸುಮ್ಮನಾಗುವುದು ಸುಲಭ. ನಮ್ಮ ಪಾಲಿನ ಕೆಲಸವೂ ಇದೆ. ತಾಟೆ, ಮೋರಿ, ಮುಶಿ ಮೂರನ್ನೂ ಬಲ್ಲವರು, ಊರಿನ ಧಕ್ಕೆಯನ್ನೂ ಇಲ್ಲಿನ ಮಾರ್ಕೆಟ್ಟನ್ನೂ ಬಲ್ಲವರು ಹೊರನಾಡ ಕನ್ನಡಿಗರಲ್ಲದೆ ಇನ್ನಾರು? ನಮ್ಮಲ್ಲಿ ಮೀನುಗಾರಿಕೆಯ ಮನೆತನದ ಮೊಗವೀರ ಬಂಧುಗಳಿದ್ದಾರೆ. ಅವರ ಮನೆಯ ಹಿರಿಯರಿಗೆ ಒಂದೊಂದು ತಾಟೆಗೆ, ಒಂದೊಂದು ತೊರಕೆಗೆ ಬೇರೆ ಬೇರೆ ಹೆಸರು ಗೊತ್ತಿದೆ. ಆ ಹಿರಿಯರ ಜೊತೆ ಆ ಹೆಸರುಗಳೂ ಹೋಗಿಬಿಡುವ ಮುಂಚೆ ನಮ್ಮ ಯುವ ವಿಭಾಗದವರು ಚಿತ್ರ ಹಿಡಿದುಕೊಂಡು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಲಿ. ತುಳು, ಕನ್ನಡ, ಕೊಂಕಣಿ, ಮರಾಠಿ ಹೆಸರುಗಳ ಒಂದು ಕೋಷ್ಟಕ ಈ ಮಾಸಿಕದಲ್ಲಿಯೇ ಅಚ್ಚಾಗಲಿ. ಐರೋಲಿಯಲ್ಲಿ ಖಾಡಿಯ ದಡದಲ್ಲಿರುವ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರಕ್ಕೆ ನಮ್ಮ ಮಕ್ಕಳನ್ನು ಫ್ಲೆಮಿಂಗೊ ತೋರಿಸಲು ಮಾತ್ರ ಕರೆದೊಯ್ಯದೆ, ನೀರಿನ ಕೆಳಗೇನಿದೆ ಎಂದು ಕೇಳಲೂ ಕರೆದೊಯ್ಯೋಣ. ಥಾಣೆ, ನವಿಮುಂಬಯಿಗಳಲ್ಲಿ ಮೀನಿನೂಟದ ಹೋಟೆಲು ನಡೆಸುವ ನಮ್ಮ ಬಂಧುಗಳು ಹಲವರು. ಅವರು ಬೆಳಗಿನ ಜಾವ ಧಕ್ಕೆಯಲ್ಲಿ ನಿಂತು ಸರಕು ಕೊಳ್ಳುವಾಗ 'ಇದು ಯಾವ ಮುಶಿ? ತಲೆಯಿದ್ದದ್ದು ತೋರಿಸು' ಎಂದು ಕೇಳಲಿ. ಸುತ್ತಿಗೆತಲೆಯ ಕೂಸನ್ನು ಬೇಡವೆನ್ನಲಿ. ದೊಡ್ಡ ಗಿರಾಕಿಯ ಒಂದು ಪ್ರಶ್ನೆ ಹತ್ತು ಸುತ್ತೋಲೆಗಳ ಕೆಲಸ ಮಾಡುತ್ತದೆ.

2024ರ ಫೆಬ್ರವರಿಯಲ್ಲಿ ಪಾಲಘರ್ ಜಿಲ್ಲೆಯ ಮನೋರ್ ಬಳಿ ವೈತರಣಾ ನದಿಯಲ್ಲಿ ಒಬ್ಬ ಯುವಕನ ಕಾಲನ್ನು ಶಾರ್ಕ್ ಕಚ್ಚಿದ ಸುದ್ದಿ ಬಂದಾಗ ನಮ್ಮ ಲೋಕಲ್ ಗಾಡಿಯಲ್ಲಿ ವಾರವಿಡೀ ಅದೇ ಮಾತು. 'ಶಾರ್ಕ್ ನದಿಗೆ ಬಂತಂತೆ!' ಎಂದು ಎಲ್ಲರೂ ಹೌಹಾರಿದರು. ಯಾವ ಶಾರ್ಕ್ ಎಂದು ಒಬ್ಬರೂ ಕೇಳಲಿಲ್ಲ. ಸಿಹಿನೀರಿಗೆ ಏರಬಲ್ಲ ಶಾರ್ಕುಗಳು ಬೆರಳೆಣಿಕೆಯವು. ಉಳಿದವುಗಳಲ್ಲಿ ಹಲವು ನದಿಯ ಬಾಯಿಯ ತನಕ ಬಂದರೂ ಸಿಹಿನೀರಿಗೆ ಏರಲಾರವು. ಹೆಸರು ಗೊತ್ತಿಲ್ಲದಿದ್ದರೆ ಭಯವೂ ಎಲ್ಲದರ ಮೇಲೆ, ದ್ವೇಷವೂ ಎಲ್ಲದರ ಮೇಲೆ, ಕಾನೂನೂ ಎಲ್ಲದರ ಮೇಲೆ.

ಪರ ಊರಿಗೆ ಬಂದ ನಮಗೆ ಇದರ ನೋವು ಗೊತ್ತಿರಬೇಕು. ಈ ಮಹಾನಗರದಲ್ಲಿ ಒಂದು ಕಾಲಕ್ಕೆ ತೆಂಕಣದಿಂದ ಬಂದವರೆಲ್ಲ 'ಮದ್ರಾಸಿ'ಗಳಾಗಿದ್ದರು. ಉಡುಪಿಯವನೂ ಒಂದೇ, ಧಾರವಾಡದವನೂ ಒಂದೇ, ಮಧುರೆಯವನೂ ಒಂದೇ. 'ನಾವು ಮದ್ರಾಸಿಗಳಲ್ಲ, ಕನ್ನಡಿಗರು' ಎಂದು ಹೇಳಿ ಹೇಳಿ ಸಂಘ ಕಟ್ಟಿದೆವು, ಶಾಲೆ ಕಟ್ಟಿದೆವು, ಪತ್ರಿಕೆ ನಡೆಸಿದೆವು. ತಪ್ಪು ಹೆಸರಿನಲ್ಲಿ ಬದುಕುವುದರ ಅವಮಾನ ನಮ್ಮ ಹಿರಿಯರಿಗೆ ತಿಳಿದಿತ್ತು. ತಪ್ಪು ಹೆಸರಿನಲ್ಲಿ ಸಾಯುವ ಮೂಕ ಜೀವಕ್ಕೆ ಸಂಘವಿಲ್ಲ, ಪತ್ರಿಕೆಯಿಲ್ಲ. ಅದಕ್ಕಾಗಿ ಈ ತಿಂಗಳಿನಿಂದ ಮಾರ್ಕೆಟ್ಟಿನಲ್ಲಿ ಕೇಳಲು ಆರಂಭಿಸೋಣ: ತಾಯೀ, ಇದು ಯಾವ ಮುಶಿ?